ಕಡಿಮೆ ಎಣ್ಣೆ, ಕಡಿಮೆ ಉಪ್ಪಿನಲ್ಲಿ ಓವನ್‌ನಲ್ಲಿ ಬೇಯಿಸಲು ಹಾಸನದಲ್ಲಿ ಸಿಗುವ ಯಾವ ಬಿಳಿ ಮೀನು ಸೂಕ್ತ?

ಪ್ರಶ್ನೆ: ಹಾಸನದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ಕೊಲೆಸ್ಟರಾಲ್ ಕೂಡ ಏರಿರುವುದರಿಂದ, ಕರಿದದ್ದನ್ನು ಬಿಟ್ಟು ಉಪ್ಪು ಇಳಿಸಬೇಕೆಂದೂ, ಮಾಂಸದ ಬದಲು ಮೀನು ತಿನ್ನಬಹುದೆಂದೂ ವೈದ್ಯರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಮೀನು ಎಂದರೆ ಒಂದೋ ಹುಣಸೆಹುಳಿ, ಖಾರ ಮುಂದಾಗಿರುವ ಸಾರು, ಇಲ್ಲವೇ ರವೆ ಹಚ್ಚಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಹುರಿದ ತುಂಡು. ಮಗಳು ಕೊಡಿಸಿರುವ 28 ಲೀಟರಿನ ಒಟಿಜಿ ಓವನ್ ಮನೆಯಲ್ಲಿದೆ. ವಾರಕ್ಕೊಮ್ಮೆಯಾದರೂ ರಾತ್ರಿಯ ಊಟಕ್ಕೆ ಅದರಲ್ಲಿ ಮೀನು ಬೇಯಿಸಬೇಕೆಂದು ತೀರ್ಮಾನಿಸಿದ್ದೇನೆ.

ನೋಡಿದ ಪಾಕವಿಧಾನಗಳೆಲ್ಲ ಕಾಡ್, ಹ್ಯಾಡಕ್, ಹ್ಯಾಲಿಬಟ್ ಎಂಬ ಸಮುದ್ರದ ಬಿಳಿ ಮೀನುಗಳನ್ನು ಹೇಳುತ್ತವೆ. ಇವು ನಮ್ಮ ಮಾರುಕಟ್ಟೆಗೆ ಬರುವುದಿಲ್ಲ. ಇಲ್ಲಿ ದಿನನಿತ್ಯ ಕಾಣುವುದು ಕಾಟ್ಲಾ, ರೋಹು, ಜಿಲೇಬಿ; ಮಂಗಳೂರಿನ ಕಡೆಯಿಂದ ಬಂದ ದಿನ ಬಂಗುಡೆ, ಬೂತಾಯಿ, ಕೆಲವೊಮ್ಮೆ ಮಾಂಜಿ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಕೆರೆ ಮೀನಿನ ಕೆಸರು ವಾಸನೆಯನ್ನು ಸಾರಿನಲ್ಲಾದರೆ ಮಸಾಲೆ ಮುಚ್ಚುತ್ತದೆ, ಬರಿದಾಗಿ ಬೇಯಿಸುವಾಗ ಏನು ಮಾಡಬೇಕು? ಎಷ್ಟು ಉಷ್ಣಾಂಶದಲ್ಲಿ ಎಷ್ಟು ಹೊತ್ತು ಇಟ್ಟರೆ ಮೀನು ನಾರಿನಂತೆ ಒಣಗದೆ ಬೇಯುತ್ತದೆ? ಜೊತೆಗೆ ಏನು ಬಡಿಸಿದರೆ ನಾಲ್ಕು ಜನರಿಗೆ ಹೊಟ್ಟೆ ತುಂಬುವ ಊಟವಾಗುತ್ತದೆ ಎಂಬುದನ್ನೂ ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹೇಮಾವತಿ ತೀರ

ನಮಸ್ಕಾರ ಮೇಡಂ. ಕಾಡ್ ಸಿಗುವುದಿಲ್ಲವೆಂದು ತಾವು ಚಿಂತಿಸಬೇಕಾಗಿಲ್ಲ. ಬೇಯಿಸುವ ಕ್ರಮಕ್ಕೆ ಬೇಕಾಗಿರುವುದು ಕೊಬ್ಬು ಕಡಿಮೆಯಿರುವ, ಬಿಳಿ ಬಣ್ಣದ, ಬೆಂದಾಗ ಪದರ ಪದರವಾಗಿ ಬಿಡಿಸಿಕೊಳ್ಳುವ ಮಾಂಸ. ಆ ಗುಣ ನಮ್ಮ ಜಿಲ್ಲೆಯಲ್ಲಿ ಸಿಗುವ ಹಲವು ಮೀನುಗಳಿಗೆ ಇದೆ.

ನನ್ನ ಮೊದಲ ಆಯ್ಕೆ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದರ ಮಾಂಸ ಬೆಳ್ಳಗಿರುತ್ತದೆ, ಮತ್ತು ಮಾಂಸದ ನಡುವೆ ಹುದುಗಿರುವ ಸಣ್ಣ ಕವಲು ಮುಳ್ಳುಗಳು ಅದರಲ್ಲಿ ಇರುವುದಿಲ್ಲ; ನಡುಮೂಳೆಯನ್ನೂ ಪಕ್ಕೆಲುಬುಗಳನ್ನೂ ಬಿಡಿಸಿದರೆ ಹಿರಿಯರಿಗೂ ಮಕ್ಕಳಿಗೂ ನಿರಾತಂಕವಾಗಿ ಬಡಿಸಬಹುದು. ಜೀವಂತ ಕೊರವ ಮೀನು ಸಿಕ್ಕಿದರೆ ಅದು ಇನ್ನೂ ಉತ್ತಮ, ಆದರೆ ಬೆಲೆ ಹೆಚ್ಚು. ಕಾಟ್ಲಾ, ರೋಹುಗಳಲ್ಲಿ ಕವಲು ಮುಳ್ಳಿನ ತೊಂದರೆಯಿದೆ. ಅದನ್ನೇ ಕೊಳ್ಳುವುದಾದರೆ ಸಣ್ಣ ಮೀನಿನ ಬದಲು ಮೂರು ಕಿಲೋಗಿಂತ ದೊಡ್ಡದಾದ ಕಾಟ್ಲಾದ ಬೆನ್ನಿನ ಭಾಗದಿಂದ ದಪ್ಪ ತುಂಡು ಕೇಳಿರಿ. ದೊಡ್ಡ ಮೀನಿನಲ್ಲಿ ಮುಳ್ಳೂ ದೊಡ್ಡದಾಗಿರುವುದರಿಂದ ಕೈಗೆ ಸುಲಭವಾಗಿ ಸಿಗುತ್ತದೆ. ಸೂಪರ್ ಮಾರ್ಕೆಟ್‌ಗಳ ಶೀತಲ ಪೆಟ್ಟಿಗೆಯಲ್ಲಿ ಬಾಸಾ ಎಂಬ ಹೆಸರಿನಲ್ಲಿ ಬರುವುದು ಸಾಮಾನ್ಯವಾಗಿ ಸಾಕಣೆಯ ಪಂಗಾಸಿಯಸ್. ಮುಳ್ಳಿಲ್ಲದಿರುವುದೊಂದು ಅನುಕೂಲ, ಆದರೆ ಅದು ಬಹಳ ನೀರು ಬಿಡುತ್ತದೆ. ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಟ್ಟು ನಿಧಾನವಾಗಿ ಕರಗಿಸಿ, ಒಣಬಟ್ಟೆಯಲ್ಲಿ ಒತ್ತಿ ತೆಗೆದರೆ ಮಾತ್ರ ಓವನ್‌ಗೆ ಯೋಗ್ಯವಾಗುತ್ತದೆ.

ಸಮುದ್ರದ ಮೀನುಗಳಲ್ಲಿ ಕಾಣೆ, ಮಾಂಜಿ, ನಂಗು ಮೂರೂ ಬಿಳಿ ಮಾಂಸದವು. ಶಿರಾಡಿ ಘಾಟಿ ತೆರೆದಿದ್ದು ಬಂದರಿನಲ್ಲಿ ಮೀನು ಇಳಿದ ದಿನಗಳಲ್ಲಿ ಅವನ್ನು ಕೊಳ್ಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದೇ ಸಮಯದಲ್ಲಿ ಮಳೆಗೆ ಘಾಟಿಯ ರಸ್ತೆ ಕುಸಿಯುವುದೂ ಉಂಟು. ಆ ಎರಡು ತಿಂಗಳು ಸಮುದ್ರದ ಬಿಳಿ ಮೀನೆಂದು ಮಾರುವುದು ಎಷ್ಟು ದಿನ ಮಂಜುಗಡ್ಡೆಯಲ್ಲಿತ್ತು ಎಂದು ವಿಚಾರಿಸದೆ ಕೊಳ್ಳಬೇಡಿ. ಕಿವಿರು ಕೆಂಪಾಗಿದೆಯೇ, ಕಣ್ಣು ಉಬ್ಬಿ ತಿಳಿಯಾಗಿದೆಯೇ, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಏಳುತ್ತದೆಯೇ ಎಂದು ನೋಡಿರಿ. ಮಸಾಲೆ ಕಡಿಮೆಯಿರುವ ಅಡುಗೆಯಲ್ಲಿ ಹಳೆಯ ಮೀನನ್ನು ಮರೆಮಾಡಲು ಸಾಧ್ಯವೇ ಇಲ್ಲ.

ಕೆಸರು ವಾಸನೆಯ ವಿಷಯ ಮುಖ್ಯವಾದದ್ದು. ನಿಂತ ನೀರಿನ ಕೆಲವು ಪಾಚಿ ಮತ್ತು ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಮೊದಲಾದ ವಸ್ತುಗಳು ಮೀನಿನ ದೇಹವನ್ನು ಸೇರಿ ಈ ವಾಸನೆಯನ್ನು ಕೊಡುತ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಗೂ ಇದೇ ಜಿಯೋಸ್ಮಿನ್ ಕಾರಣ. ಮಣ್ಣಿನಲ್ಲಿ ಹಿತವೆನಿಸುವುದು ತಟ್ಟೆಯಲ್ಲಿ ಹಿತವೆನಿಸುವುದಿಲ್ಲ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಚರ್ಮದ ಕೆಳಗೆ, ಹೊಟ್ಟೆಯ ಅಂಚಿನಲ್ಲಿ, ಮತ್ತು ಪಕ್ಕದುದ್ದಕ್ಕೂ ಸಾಗುವ ಕಂದು ಮಾಂಸದ ಪಟ್ಟಿಯಲ್ಲಿ ಹೆಚ್ಚಾಗಿರುತ್ತದೆ. ಆದ್ದರಿಂದ ಕೆರೆ ಮೀನಿನ ಚರ್ಮವನ್ನು ಸುಲಿಸಿ, ಕಂದು ಪಟ್ಟಿಯನ್ನು ಚಾಕುವಿನಿಂದ ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೊಳೆಯಿರಿ. ಹುಳಿಯಲ್ಲಿ ಜಿಯೋಸ್ಮಿನ್ ಒಡೆಯುತ್ತದೆ. ತೆಳುವಾದ ಹುಣಸೆ ನೀರಿನಲ್ಲಾಗಲಿ ನಿಂಬೆರಸ ಬೆರೆಸಿದ ನೀರಿನಲ್ಲಾಗಲಿ ಹದಿನೈದು ನಿಮಿಷ ಇಟ್ಟು ತೊಳೆದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಹುಳಿಯೇ ಮಾಂಸವನ್ನು ಬೆಳ್ಳಗೆ ಹೆಪ್ಪುಗಟ್ಟಿಸಿ ಮೇಲ್ಪದರವನ್ನು ಪುಡಿಪುಡಿ ಮಾಡುತ್ತದೆ. ಗೊರೂರಿನ ಹೇಮಾವತಿ ಜಲಾಶಯದಂಥ ದೊಡ್ಡ ನೀರಿನ ಮೀನಿನಲ್ಲಿ ಈ ವಾಸನೆ ಊರ ಕೆರೆಯ ಮೀನಿಗಿಂತ ಕಡಿಮೆ ಎಂಬುದು ನನ್ನ ಅನುಭವ. ಮೀನು ಎಲ್ಲಿಯದೆಂದು ಅಂಗಡಿಯವರನ್ನು ಕೇಳಿ ಕೊಳ್ಳುವುದು ಒಳ್ಳೆಯದು.

ಉತ್ತರ: ಕಾಫಿ ಸೀಮೆಯ ಅಡುಗೆಮನೆ

ನಾನು ಚಿಕ್ಕಮಗಳೂರಿನ ಬಳಿ ಒಂದು ಹೋಂಸ್ಟೇಯ ಅಡುಗೆಮನೆ ನೋಡಿಕೊಳ್ಳುತ್ತೇನೆ. ಮೀನಿನ ಆಯ್ಕೆಯ ಬಗ್ಗೆ ಹಿಂದಿನವರು ಹೇಳಿರುವುದನ್ನು ಒಪ್ಪುತ್ತೇನೆ. ಶಾಖ ಮತ್ತು ಸಮಯದ ಬಗ್ಗೆ ಹೇಳುತ್ತೇನೆ.

ಸಮಯವನ್ನು ತೂಕದಿಂದ ಲೆಕ್ಕ ಹಾಕಬೇಡಿ, ದಪ್ಪದಿಂದ ಹಾಕಿರಿ. ತುಂಡಿನ ಅತ್ಯಂತ ದಪ್ಪ ಭಾಗ ಸುಮಾರು 2.5 ಸೆಂಟಿಮೀಟರ್ ಇದ್ದರೆ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 12ರಿಂದ 15 ನಿಮಿಷ ಸಾಕು. ಒಂದೂವರೆ ಸೆಂಟಿಮೀಟರಿನ ಜಿಲೇಬಿ ಮೀನಿನ ಹೋಳನ್ನು 8ನೆಯ ನಿಮಿಷಕ್ಕೇ ನೋಡಬೇಕು. ಅರ್ಧ ಕಿಲೋ ತೂಗುವ ಇಡೀ ಮಾಂಜಿಗೆ 20ರಿಂದ 25 ನಿಮಿಷ ಬೇಕಾಗಬಹುದು. ಅಡುಗೆ ಥರ್ಮಾಮೀಟರ್ ಇದ್ದರೆ ಮಾಂಸದ ನಡುಭಾಗ 63 ಡಿಗ್ರಿ ತಲುಪಿದಾಗ ಹೊರತೆಗೆಯಿರಿ. ಇಲ್ಲದಿದ್ದರೆ ಫೋರ್ಕಿನಿಂದ ದಪ್ಪ ಭಾಗವನ್ನು ಮೆಲ್ಲಗೆ ತಿರುವಿದಾಗ ಪದರಗಳು ಬಿಡಿಸಿಕೊಳ್ಳಬೇಕು, ಒಳಗಿನ ಗಾಜಿನಂಥ ಪಾರದರ್ಶಕತೆ ಹೋಗಿ ಹಾಲಿನ ಬಿಳುಪು ಬಂದಿರಬೇಕು. ಕೊಬ್ಬಿರುವ ಬಂಗುಡೆ ಎರಡು ಮೂರು ನಿಮಿಷ ಹೆಚ್ಚಾದರೂ ತಾಳಿಕೊಳ್ಳುತ್ತದೆ. ಕೊಬ್ಬಿಲ್ಲದ ಬಿಳಿ ಮೀನು ತಾಳಿಕೊಳ್ಳುವುದಿಲ್ಲ. ನೀವು ಕೇಳಿದ ನಾರಿನಂತಾಗುವ ತೊಂದರೆಗೆ ಬಹುಪಾಲು ಕಾರಣ ಆ ಕೊನೆಯ ಐದು ನಿಮಿಷ.

ಒಟಿಜಿಯನ್ನು ಕನಿಷ್ಠ ಹತ್ತು ನಿಮಿಷ ಮೇಲಿನ ಮತ್ತು ಕೆಳಗಿನ ಎರಡೂ ಸರಳುಗಳನ್ನು ಉರಿಸಿ ಬಿಸಿ ಮಾಡಿರಿ. ಸಣ್ಣ ಓವನ್‌ಗಳಲ್ಲಿ ಗುಂಡಿ ತೋರಿಸುವ ಉಷ್ಣಾಂಶವೂ ಒಳಗಿನ ಉಷ್ಣಾಂಶವೂ ಅನೇಕ ವೇಳೆ ಒಂದೇ ಆಗಿರುವುದಿಲ್ಲವಾದ್ದರಿಂದ, ಒಳಗೆ ತೂಗುಹಾಕುವ ಸಣ್ಣ ಓವನ್ ಥರ್ಮಾಮೀಟರ್ ಕೊಂಡರೆ ಆ ಹಣ ವ್ಯರ್ಥವಾಗುವುದಿಲ್ಲ. ತಟ್ಟೆಯನ್ನು ನಡುವಿನ ಹಂತದಲ್ಲಿಡಿ, ತುಂಡುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ಒತ್ತೊತ್ತಾಗಿಟ್ಟರೆ ಬಿಟ್ಟ ನೀರು ಆವಿಯಾಗಿ ಹೋಗಲು ಜಾಗವಿಲ್ಲದೆ ಮೀನು ಕುದಿಯುತ್ತದೆ.

ನಾಲ್ಕು ಜನರಿಗೆ ಮುಳ್ಳು ಬಿಡಿಸಿದ 600 ಗ್ರಾಂ ಮೀನು ತೆಗೆದುಕೊಳ್ಳಿ. ನೀರನ್ನು ಪೂರ್ತಿ ಒರೆಸಿ, ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ 15 ನಿಮಿಷ ಮುಳುಗಿಸಿಟ್ಟು ಮತ್ತೆ ಒರೆಸಿದರೆ ಮಾಂಸ ಬಿಗಿಯಾಗುತ್ತದೆ, ಬೇಯುವಾಗ ಮೇಲೆ ಒಸರುವ ಬಿಳಿಯ ಗಟ್ಟಿ ದ್ರವವೂ ಕಡಿಮೆಯಾಗುತ್ತದೆ. ಬಳಿಕ ಒಂದು ದೊಡ್ಡ ಚಮಚ ಎಣ್ಣೆ, ಆಗತಾನೆ ಕುಟ್ಟಿದ ಕರಿಮೆಣಸು ಒಂದು ಸಣ್ಣ ಚಮಚ, ಜಜ್ಜಿದ ಶುಂಠಿ ಮತ್ತು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಸಣ್ಣಗೆ ಹೆಚ್ಚಿದ ಹಸಿಮೆಣಸು, ಕೊತ್ತಂಬರಿ ಸೊಪ್ಪು, ಕರಿಬೇವು ಇವುಗಳನ್ನು ಕಲಸಿ ತುಂಡುಗಳ ಎರಡೂ ಬದಿಗೆ ಸವರಿರಿ. ಎರಡು ಚಮಚ ಗಟ್ಟಿ ಮೊಸರು ಸೇರಿಸಿದರೆ ಮೇಲ್ಭಾಗ ಚೆನ್ನಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಮೀನಿನೊಂದಿಗೆ ಮೊಸರು ಸೇರಿಸದ ಪದ್ಧತಿಯಿರುವ ಮನೆಗಳಲ್ಲಿ ತೆಂಗಿನ ಹಾಲು ಬಳಸಬಹುದು. ನಿಂಬೆರಸವನ್ನು ಮೊದಲು ಹಾಕದೆ ತಟ್ಟೆ ಹೊರಬಂದ ಮೇಲೆ ಹಿಂಡಿರಿ, ಆಗ ಅದರ ಪರಿಮಳ ಉಳಿಯುತ್ತದೆ. ನಮ್ಮ ತೋಟದ ಕರಿಮೆಣಸು ಇಷ್ಟು ಸಮೀಪದಲ್ಲಿರುವಾಗ ಪಾಶ್ಚಾತ್ಯ ಸೊಪ್ಪುಗಳ ಒಣಪುಡಿಯನ್ನು ದುಬಾರಿ ಬೆಲೆಗೆ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ.

ಉತ್ತರ: ಪಥ್ಯದ ಅಡುಗೆ

ಕಾಫಿ ಸೀಮೆಯವರ ವಿವರಣೆ ಉಪಯುಕ್ತವಾಗಿದೆ. ಆದರೆ ಉಪ್ಪುನೀರಿನಲ್ಲಿ ಮುಳುಗಿಸುವ ಒಂದು ಹಂತವನ್ನು ಈ ಮನೆಯ ಸಂದರ್ಭದಲ್ಲಿ ಕೈಬಿಡಬೇಕೆಂದು ವಿನಂತಿಸುತ್ತೇನೆ. ಮೀನು ಎಷ್ಟು ಉಪ್ಪನ್ನು ಹೀರಿಕೊಂಡಿತು ಎಂಬುದನ್ನು ಅಳೆಯಲು ಮನೆಯಲ್ಲಿ ದಾರಿಯಿಲ್ಲ, ಮತ್ತು ಇಲ್ಲಿ ಊಟಕ್ಕೆ ಕೂರುವವರು ರಕ್ತದೊತ್ತಡವಿರುವ ಹಿರಿಯರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಮೂರು ಹೊತ್ತಿನ ಎಲ್ಲ ಅಡುಗೆಯನ್ನೂ ಉಪ್ಪಿನಕಾಯಿ, ಹಪ್ಪಳಗಳನ್ನೂ ಸೇರಿಸಿದ ಲೆಕ್ಕ. 600 ಗ್ರಾಂ ಮೀನಿಗೆ ಅರ್ಧ ಸಣ್ಣ ಚಮಚ, ಅಂದರೆ ಹೆಚ್ಚೆಂದರೆ 3 ಗ್ರಾಂ ಉಪ್ಪನ್ನು ಅಳೆದು, ಬೇಯಿಸುವ ಹದಿನೈದು ನಿಮಿಷ ಮೊದಲು ಸವರಿದರೆ ಒಬ್ಬರ ಪಾಲಿಗೆ ಮುಕ್ಕಾಲು ಗ್ರಾಂ ಬರುತ್ತದೆ. ಕರಿಮೆಣಸು, ಶುಂಠಿ, ಕೊನೆಯಲ್ಲಿ ಹಿಂಡಿದ ನಿಂಬೆ ಇವು ಮೂರೂ ಇದ್ದರೆ ಉಪ್ಪು ಕಡಿಮೆಯಾಗಿರುವುದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಎಣ್ಣೆಯ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ಎಚ್ಚರ ಉಪ್ಪಿನ ಬಗ್ಗೆ ಇರುವುದಿಲ್ಲ ಎಂಬುದು ನನ್ನ ಬಹುಕಾಲದ ಕಾಳಜಿ. ಅಂಗಡಿಯಲ್ಲಿ ಸಿಗುವ ಮೀನು ಫ್ರೈ ಮಸಾಲೆಯ ಪೊಟ್ಟಣದ ಹಿಂಭಾಗವನ್ನು ಓದಿರಿ. ಬಹಳಷ್ಟರಲ್ಲಿ ಉಪ್ಪು ಮೊದಲೇ ಸೇರಿರುತ್ತದೆ, ಅದರ ಮೇಲೆ ನಾವು ಮತ್ತೊಮ್ಮೆ ಹಾಕುತ್ತೇವೆ. ಪೊಟ್ಟಣದಲ್ಲಿ ಸೋಡಿಯಂ ಎಂದು ನಮೂದಿಸಿರುವ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ. ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆಯಿರುವವರಿಗೆ, ಹಾಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿಯಾಗಬಹುದು. ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ಬಿಳಿ ಮೀನಿನಲ್ಲಿ 100 ಗ್ರಾಂಗೆ 18ರಿಂದ 20 ಗ್ರಾಂನಷ್ಟು ಪ್ರೋಟೀನ್ ಇದ್ದು ಕೊಬ್ಬು ಬಹಳ ಕಡಿಮೆ. ಹೃದಯಕ್ಕೆ ಹಿತವೆನ್ನುವ ಒಮೇಗಾ-3 ಕೊಬ್ಬು ಮಾತ್ರ ಬಂಗುಡೆ, ಬೂತಾಯಿಗಳಲ್ಲಿ ಇರುವಷ್ಟು ಇದರಲ್ಲಿ ಇಲ್ಲ. ಆದ್ದರಿಂದ ವಾರಕ್ಕೆ ಎರಡು ಸಲ ಮೀನು ಮಾಡುವುದಾದರೆ ಒಮ್ಮೆ ಬಿಳಿ ಮೀನು, ಒಮ್ಮೆ ಬಂಗುಡೆ ಇರಲಿ. ಬಂಗುಡೆ ಅಗ್ಗವಾಗಿದೆ ಎಂಬ ಕಾರಣಕ್ಕೆ ಅದನ್ನು ಕೀಳಾಗಿ ಕಾಣುವುದು ಸರಿಯಲ್ಲ.

ಜೊತೆಗೆ ಏನು ಎಂಬ ಪ್ರಶ್ನೆಗೆ: ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಮೀನು, ಕಾಲು ಭಾಗ ಧಾನ್ಯ ಇರಲಿ. ನಮ್ಮ ಕಡೆಯ ಊಟವನ್ನೇ ಹೀಗೆ ಹೊಂದಿಸಬಹುದು. ಮುದ್ದೆಯನ್ನು ಹೀಗೆ ಬೇಯಿಸಿದ ಬರಿಯ ಮೀನಿನ ತುಂಡಿನೊಂದಿಗೆ ನುಂಗಲಾಗುವುದಿಲ್ಲ, ಅದಕ್ಕೆ ಸಾರು ಬೇಕೇ ಬೇಕು. ಹಾಗಾಗಿ ದಂಟಿನ ಸೊಪ್ಪು ಮತ್ತು ಹೆಸರುಕಾಳು ಬೇಯಿಸಿ ಬಸಿದು ಬಸ್ಸಾರು ಮಾಡಿ, ಬಸಿದ ಸೊಪ್ಪು ಕಾಳನ್ನು ಪಲ್ಯ ಮಾಡಿದರೆ ಮುದ್ದೆಗೆ ಸಾರೂ ಆಯಿತು, ತಟ್ಟೆಯ ಅರ್ಧ ಭಾಗ ತುಂಬಲು ಪಲ್ಯವೂ ಆಯಿತು, ಪಕ್ಕದಲ್ಲಿ ಮೀನು ಇರುತ್ತದೆ. ಸಾರಿನ ಉಪ್ಪನ್ನೂ ದಿನದ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಅಕ್ಕಿ ರೊಟ್ಟಿಯಾದರೆ ಸಾರಿಲ್ಲದೆಯೂ ನಡೆಯುತ್ತದೆ.

ಓವನ್ ಹೇಗೂ ಬಿಸಿಯಾಗಿರುವುದರಿಂದ ನಮ್ಮ ಹಾಸನದ ಆಲೂಗಡ್ಡೆಯನ್ನೂ ಅದರಲ್ಲೇ ಬೇಯಿಸಬೇಕೆಂದು ಅನೇಕರಿಗೆ ಅನಿಸುತ್ತದೆ. ಹಸಿ ಆಲೂಗಡ್ಡೆಗೆ 200 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಕು, ಮೀನಿಗೆ ಅದರ ಮೂರನೆಯ ಒಂದು ಭಾಗ. ಎರಡನ್ನೂ ಒಟ್ಟಿಗೆ ಇಟ್ಟರೆ ಒಂದು ಹಸಿಯಾಗಿರುತ್ತದೆ ಇಲ್ಲವೇ ಇನ್ನೊಂದು ಒಣಗಿರುತ್ತದೆ. ಆಲೂಗಡ್ಡೆ, ಕ್ಯಾರೆಟ್, ನವಿಲುಕೋಸುಗಳನ್ನು ಒಲೆಯ ಮೇಲೆ ಮುಕ್ಕಾಲು ಬೇಯಿಸಿಕೊಂಡು, ಅವುಗಳನ್ನು ತಟ್ಟೆಯಲ್ಲಿ ಹರಡಿ ಅವುಗಳ ಮೇಲೆ ಮೀನು ಇಟ್ಟರೆ ವಿದ್ಯುತ್ತೂ ಉಳಿಯುತ್ತದೆ, ಮೀನಿನ ರಸವನ್ನು ತರಕಾರಿ ಹೀರಿಕೊಂಡು ಬಹಳ ರುಚಿಯಾಗುತ್ತದೆ.

ಉತ್ತರ: ಮೂಡಿಗೆರೆಯವರು

ಓವನ್ ಇಲ್ಲದವರೂ ಈ ಚರ್ಚೆಯನ್ನು ಓದುತ್ತಿರಬಹುದೆಂದು ಇದನ್ನು ಸೇರಿಸುತ್ತಿದ್ದೇನೆ. ಬಾಳೆ ಎಲೆಯ ನಡುವಿನ ದಿಂಡನ್ನು ಸೀಳಿ ತೆಗೆದು, ಎಲೆಯನ್ನು ಉರಿಯ ಮೇಲೆ ಬಾಡಿಸಿ, ಮಸಾಲೆ ಸವರಿದ ಮೀನನ್ನು ಅದರಲ್ಲಿ ಮಡಚಿ ಬಾಳೆ ನಾರಿನಿಂದ ಕಟ್ಟಿರಿ. ದಪ್ಪ ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಟ್ಟು ಮುಚ್ಚಳ ಮುಚ್ಚಿ ಒಂದೊಂದು ಬದಿಗೆ ಏಳೆಂಟು ನಿಮಿಷ ಬೇಯಿಸಿದರೆ ಸಾಕು. ಒಳಗೆ ಒಂದು ಅರಿಶಿನ ಎಲೆ ಇಟ್ಟರೆ ಅದರ ಪರಿಮಳವೇ ಬೇರೆ. ಒಟಿಜಿಯಲ್ಲೂ ಈ ಪೊಟ್ಟಣವನ್ನು 18ರಿಂದ 20 ನಿಮಿಷ ಇಡಬಹುದು. ಎಲೆ ಮೇಲಿನ ಸರಳಿಗೆ ತಾಗದಂತೆ ಕೆಳಗಿನ ಹಂತದಲ್ಲಿಡಬೇಕು. ಕೊಬ್ಬಿಲ್ಲದ ಮೀನಿಗೆ ಆವಿ ಒಳಗೇ ಉಳಿಯುವ ಈ ಕ್ರಮ ತೆರೆದ ತಟ್ಟೆಗಿಂತ ಹೆಚ್ಚು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ನಿಂಬೆ, ಹುಣಸೆ, ಉಪ್ಪು ಇರುವ ಅಡುಗೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬಿಸಿ ಮಾಡಿದರೆ ಲೋಹ ಸ್ವಲ್ಪ ಮಟ್ಟಿಗೆ ಆಹಾರಕ್ಕೆ ಇಳಿಯುತ್ತದೆ. ಹಿತ್ತಿಲಲ್ಲಿ ಬಾಳೆ ಇರುವ ಊರಿನಲ್ಲಿ ಆ ಹಾಳೆ ಏಕೆ?

ಪ್ರಶ್ನೆ ಕೇಳಿದವರು: ಹಾಸನದ ಗೃಹಿಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಿಲೇಬಿ ಮೀನು, ಅಳೆದ ಅರ್ಧ ಚಮಚ ಉಪ್ಪು, ಬಾಳೆ ಎಲೆಯ ಪೊಟ್ಟಣ, ಜೊತೆಗೆ ಮುದ್ದೆ ಬಸ್ಸಾರು ಎಂದು ನಿಶ್ಚಯಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಮಳೆಗಾಲದಲ್ಲಿ ನಮ್ಮ ಬಡಾವಣೆಯಲ್ಲಿ ಸಂಜೆಯ ಹೊತ್ತು ಕರೆಂಟು ಹೋಗುತ್ತಿರುತ್ತದೆ. ಮೀನು ಅರ್ಧ ಬೆಂದಿರುವಾಗ ಹೋದರೆ ಏನು ಮಾಡಬೇಕು? ಮಾವನವರು ಏಳೂವರೆಗೆ ಊಟ ಮಾಡುತ್ತಾರೆ, ಯಜಮಾನರು ಬರುವುದು ಒಂಬತ್ತೂವರೆಗೆ. ಅವರ ಪಾಲನ್ನು ಮತ್ತೆ ಬಿಸಿ ಮಾಡಿದರೆ ಒಣಗುವುದಿಲ್ಲವೇ?

ಉತ್ತರ: ಕಾಫಿ ಸೀಮೆಯ ಅಡುಗೆಮನೆ

ಉಪ್ಪುನೀರಿನ ಬಗ್ಗೆ ಪಥ್ಯದ ಅಡುಗೆಯವರು ಹೇಳಿದ್ದು ತಮ್ಮ ಮನೆಗೆ ಸರಿಯಾದ ಸಲಹೆ, ಅದನ್ನೇ ಪಾಲಿಸಿರಿ.

ಕರೆಂಟು ಹೋದರೆ ಓವನ್‌ನ ಬಾಗಿಲನ್ನು ತೆರೆಯಬೇಡಿ. ಒಳಗಿನ ಶಾಖದಲ್ಲಿ ಕೆಲವು ನಿಮಿಷ ಬೇಯುವುದು ಮುಂದುವರಿಯುತ್ತದೆ. ಹತ್ತು ನಿಮಿಷದೊಳಗೆ ಬರದಿದ್ದರೆ ಪೊಟ್ಟಣವನ್ನು ಹಾಗೆಯೇ ತೆಗೆದು ಮೂಡಿಗೆರೆಯವರು ಹೇಳಿದಂತೆ ಕಾವಲಿಯ ಮೇಲೆ ಪೂರ್ತಿಗೊಳಿಸಿರಿ. ಎಲೆಯ ಪೊಟ್ಟಣಕ್ಕೆ ಇರುವ ಈ ಅನುಕೂಲ ತೆರೆದ ತಟ್ಟೆಗೆ ಇಲ್ಲ. ಕರೆಂಟು ಬಂದಮೇಲೆ ನೋಡೋಣವೆಂದು ಅರ್ಧ ಬೆಂದ ಮೀನನ್ನು ಗಂಟೆಗಟ್ಟಲೆ ಬೆಚ್ಚಗೆ ಬಿಡುವುದು ಮಾತ್ರ ಬೇಡ, ಆ ಬಿಸುಪಿನಲ್ಲೇ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ.

ಎರಡನೆಯದಕ್ಕೆ, ಬೆಂದದ್ದನ್ನು ಇಟ್ಟು ಬಿಸಿ ಮಾಡುವುದಕ್ಕಿಂತ ಯಜಮಾನರ ಪಾಲನ್ನು ಹಸಿಯಾಗಿಯೇ ಎಲೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿಟ್ಟು, ಅವರು ಬಂದ ಮೇಲೆ ಕಾವಲಿಯ ಮೇಲೆ ಬೇಯಿಸಿ ಬಡಿಸಿರಿ. ತಣ್ಣಗಿರುವುದರಿಂದ ಒಂದೊಂದು ಬದಿಗೆ ಎರಡು ನಿಮಿಷ ಹೆಚ್ಚು ಬೇಕಾಗುತ್ತದೆ. ಬೆಂದ ಮೀನು ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನ ತುಂಡಾಗಿ ಬಿಸಿ ಮಾಡುವ ಬದಲು ಬಿಡಿಸಿ ಈರುಳ್ಳಿ, ಕರಿಬೇವು, ಸ್ವಲ್ಪ ತೆಂಗಿನ ತುರಿಯೊಂದಿಗೆ ಹಬೆಯಾಡುವಷ್ಟು ಬಿಸಿಮಾಡಿ ಪಲ್ಯದಂತೆ ಮಾಡಿದರೆ ಅಕ್ಕಿ ರೊಟ್ಟಿಗೆ ಹೊಂದುತ್ತದೆ.